ಐರ್ಲೆಂಡಿನ ಸಾದಾ ಸ್ಟೌಟ್: ಟ್ಯಾಪ್ ಬಿಟ್ಟು ಕಪಾಟು ನೋಡಿ

ಪ್ರಶ್ನೆ: ಕೆಲಸಕ್ಕೆಂದು ಡಬ್ಲಿನ್‌ಗೆ ಬಂದು ಮೂರು ವರ್ಷ ಆಯ್ತು. ಇಲ್ಲಿಯ ಕಪ್ಪು ಬಿಯರ್, ಅಂದರೆ ಸ್ಟೌಟ್, ತುಂಬಾ ಹಿಡಿಸಿದೆ. ಆದರೆ ಯಾವ ಪಬ್‌ಗೆ ಹೋದರೂ ಸ್ಟೌಟ್ ಅಂದರೆ ಗಿನ್ನೆಸ್ ಒಂದೇ. ಸಣ್ಣ ಬ್ರೂವರಿಗಳದ್ದು ಕೇಳಿದರೆ ಐಪಿಎ ಅನ್ನುವ ತಿಳಿ ಬಣ್ಣದ ಕಹಿ ಬಿಯರ್ ತೋರಿಸುತ್ತಾರೆ. ಅಪ್ಪಿತಪ್ಪಿ ಸ್ಟೌಟ್ ಸಿಕ್ಕರೆ ಅದರಲ್ಲಿ ಚಾಕೊಲೇಟ್, ವೆನಿಲಾ, ತೆಂಗಿನಕಾಯಿ! ಹಳೇ ಕಾಲದ ಸಾದಾ ಐರಿಷ್ ಸ್ಟೌಟ್ ಮಾಡುವ ಸಣ್ಣ ಬ್ರೂವರಿಗಳೇ ಇಲ್ವಾ? ಇದ್ದರೆ ಎಲ್ಲಿ ಸಿಗುತ್ತೆ? ನಾನು ಸಸ್ಯಾಹಾರಿ, ಅದನ್ನೂ ಗಮನದಲ್ಲಿ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ಬೆಂಗಳೂರಿನ ಭಾವನಿಗೂ ಸ್ವಲ್ಪ ತರುವ ಆಸೆ ಇದೆ.

ಉತ್ತರ: ಇವೆ. ಬೆರಳಲ್ಲಿ ಎಣಿಸುವಷ್ಟು ಅನ್ನಿ, ಆದರೆ ಇವೆ. ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಯಾಕೆಂದರೆ ನೀವು ಹುಡುಕಿದ್ದು ಪಬ್‌ನ ಟ್ಯಾಪ್‌ಗಳ ಸಾಲಿನಲ್ಲಿ. ಸಣ್ಣವರ ಸ್ಟೌಟ್ ಇರುವುದು ಹೆಚ್ಚಾಗಿ ಆಫ್-ಲೈಸೆನ್ಸ್ ಅಂಗಡಿಯ (ಮನೆಗೆ ಒಯ್ಯಲು ಮದ್ಯ ಮಾರುವ ಅಂಗಡಿ) ಕಪಾಟಿನಲ್ಲಿ. ಅದೂ ಬಣ್ಣಬಣ್ಣದ ಐಪಿಎ ಕ್ಯಾನ್‌ಗಳ ಕೆಳಗೆ, ಬಗ್ಗಿ ನೋಡಬೇಕಾದ ಸಾಲಿನಲ್ಲಿ.

ಸಾದಾ ಅಂದರೆ ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಮನೆಯಲ್ಲಿ ರಾಗಿ ಮಾಲ್ಟ್‌ಗೆ ಅಜ್ಜಿ ಮಾಡುತ್ತಿದ್ದ ಕೆಲಸವೇ ಇದು. ಐರಿಷ್ ಸ್ಟೌಟ್‌ನಲ್ಲಿ ಈ ಮಾಲ್ಟ್‌ದೇ ದೊಡ್ಡ ಪಾಲು. ಅದರ ಜೊತೆ ಅವಲಕ್ಕಿಯ ಹಾಗೆ ಚಪ್ಪಟೆ ಮಾಡಿದ, ಮೊಳಕೆ ಬರಿಸದ ಬಾರ್ಲಿ ಸ್ವಲ್ಪ ಬೀಳುತ್ತದೆ. ಬಾಯಲ್ಲಿ ತುಂಬಿಕೊಂಡ ಹಾಗೆ ಅನಿಸುವುದು, ನೊರೆ ನಿಲ್ಲುವುದು ಅದರಿಂದ. ಮೂರನೆಯದು ಕಪ್ಪಾಗುವ ತನಕ ಹುರಿದ ಬಾರ್ಲಿ, ಒಟ್ಟು ಕಾಳಿನ ಹತ್ತನೇ ಒಂದು ಪಾಲಿನಷ್ಟು. ಬಣ್ಣ, ಡಿಕಾಕ್ಷನ್‌ನಂಥ ಕಹಿ, ಕೊನೆಗೆ ನಾಲಿಗೆ ಒಣಗಿಸುವ ಒಗರು, ಎಲ್ಲ ಕೊಡುವುದು ಈ ಹತ್ತನೇ ಪಾಲು. ಆಲ್ಕೋಹಾಲ್ ಸುಮಾರು 4ರಿಂದ 4.5 ಶೇಕಡ. ಬಣ್ಣ ನೋಡಿ ಇದು ಭಾರೀ ಸ್ಟ್ರಾಂಗ್ ಅಂದುಕೊಳ್ಳುವವರು ಬಹಳ. ನಮ್ಮೂರ ಅಂಗಡಿಯ ಸ್ಟ್ರಾಂಗ್ ಬಿಯರ್ ಮುಂದೆ ಇದು ಮಗು.

ಇಲ್ಲಿ ಬಚ್ಚಿಡಲು ಏನೂ ಇಲ್ಲ, ಅದೇ ಕಷ್ಟ. ಖಾಲಿ ದೋಸೆಯ ಥರ. ಚೀಸ್ ಸುರಿದ ದೋಸೆಯಲ್ಲಿ ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ. ಖಾಲಿ ದೋಸೆಯಲ್ಲಿ ಮೊದಲ ತುತ್ತಿಗೇ ಗೊತ್ತಾಗುತ್ತೆ. ವೆನಿಲಾ ಹಾಕಿದ 10 ಶೇಕಡದ ಸ್ಟೌಟ್ ಮಾಡುವುದಕ್ಕಿಂತ 4.3 ಶೇಕಡದ ಸಾದಾ ಸ್ಟೌಟ್ ಮಾಡುವುದು ಕಷ್ಟ ಅಂತ ನಾನು ಹೇಳಿದರೆ, ಇದೇ ಕೆಲಸದಲ್ಲಿ ಇರುವವರು ಒಪ್ಪುತ್ತಾರೆ.

ಹಾಗಂತ ಐರ್ಲೆಂಡಿನ ಸಣ್ಣ ಬ್ರೂವರಿಗಳಿಗೆ ಇದು ಬರಲ್ಲ ಅಂತಲ್ಲ. ತೊಡಕು ಇರುವುದು ನೈಟ್ರೋಜನ್‌ನಲ್ಲಿ.

ನೀವು ಪಬ್‌ನಲ್ಲಿ ನೋಡುವ ಆ ಕೆನೆಯಂಥ ನೊರೆ, ಲೋಟದಲ್ಲಿ ಗುಳ್ಳೆಗಳು ಕೆಳಗೆ ಇಳಿಯುವ ಆ ಚಂದ, ಅದು ಇನ್ನೂರು ವರ್ಷದ ಸಂಪ್ರದಾಯ ಅಲ್ಲ. 1959ರದ್ದು. ಆರ್ಥರ್ ಗಿನ್ನೆಸ್ ಡಬ್ಲಿನ್‌ನ ಸೇಂಟ್ ಜೇಮ್ಸಸ್ ಗೇಟ್ ಜಾಗವನ್ನು ವರ್ಷಕ್ಕೆ 45 ಪೌಂಡ್ ಬಾಡಿಗೆಗೆ, 9,000 ವರ್ಷದ ಗುತ್ತಿಗೆ ಬರೆಸಿಕೊಂಡದ್ದು 1759ರಲ್ಲಿ. ಸರಿಯಾಗಿ 200 ವರ್ಷ ಆದ ಮೇಲೆ ಅದೇ ಕಂಪನಿಯಲ್ಲಿ ಮೈಕಲ್ ಆಶ್ ಎಂಬ ಗಣಿತದ ಮೇಷ್ಟ್ರು ಕೆಗ್‌ಗೆ (ಪಬ್‌ಗೆ ಬಿಯರ್ ತರುವ ಲೋಹದ ಪೀಪಾಯಿ) ನೈಟ್ರೋಜನ್ ತುಂಬುವ ದಾರಿ ಕಂಡುಹಿಡಿದರು. ಹೌದು, ಗಣಿತ ಕಲಿಸುತ್ತಿದ್ದವರು. ಬಿಯರ್‌ಗೆ ಸಾಮಾನ್ಯವಾಗಿ ಕೊಡುವುದು ಕಾರ್ಬನ್ ಡೈಆಕ್ಸೈಡ್. ಇಲ್ಲಿ ಸುಮಾರು ಮುಕ್ಕಾಲು ಪಾಲು ನೈಟ್ರೋಜನ್, ಉಳಿದದ್ದು ಮಾತ್ರ ಕಾರ್ಬನ್ ಡೈಆಕ್ಸೈಡ್. ನೈಟ್ರೋಜನ್ ದ್ರವದಲ್ಲಿ ಸುಲಭವಾಗಿ ಕರಗಲ್ಲ. ಜಾಸ್ತಿ ಒತ್ತಡ ಕೊಟ್ಟು ಒಳಗೆ ತುರುಕಬೇಕು. ಟ್ಯಾಪ್‌ನ ಒಳಗೆ ಸಣ್ಣ ಸಣ್ಣ ತೂತಿನ ಒಂದು ಬಿಲ್ಲೆ ಇರುತ್ತದೆ. ಅದರ ಮೂಲಕ ನುಗ್ಗುವಾಗ ಗ್ಯಾಸ್ ಒಮ್ಮೆಲೇ ಬಿಡಿಸಿಕೊಂಡು ಪುಟ್ಟಪುಟ್ಟ ಗುಳ್ಳೆ ಆಗುತ್ತದೆ.

ಅದಕ್ಕೂ ಮುಂಚೆ ಏನಿತ್ತು? ಎರಡು ಮರದ ಪೀಪಾಯಿ. ಒಂದರಲ್ಲಿ ಇನ್ನೂ ಹುದುಗುತ್ತಿರುವ ಹೊಸ ಬಿಯರ್, ಉಕ್ಕುವ ನೊರೆ. ಇನ್ನೊಂದರಲ್ಲಿ ಹಳೆಯದು, ಗ್ಯಾಸ್ ಕಮ್ಮಿಯಾಗಿ ಸುಮ್ಮನಾಗಿರುವುದು. ಲೋಟಕ್ಕೆ ಮೊದಲು ಒಂದರಿಂದ ಬಿಟ್ಟು, ನೊರೆ ಕೂತ ಮೇಲೆ ಇನ್ನೊಂದರಿಂದ ತುಂಬುತ್ತಿದ್ದರು. ಇವತ್ತು ಬಾರ್‌ನವರು ಮುಕ್ಕಾಲು ಲೋಟ ತುಂಬಿ, ಕಾಯಿಸಿ, ಆಮೇಲೆ ಮೇಲಿನದನ್ನು ತುಂಬುತ್ತಾರಲ್ಲ, ಅದು ಆ ಎರಡು ಪೀಪಾಯಿಯ ಕಾಲದ ಅಭ್ಯಾಸ. ಪೀಪಾಯಿ ಹೋಯ್ತು, ಕಾಯುವುದು ಉಳಿಯಿತು.

ಈಗ ಸಣ್ಣ ಬ್ರೂವರಿಯವರ ಜಾಗದಲ್ಲಿ ನಿಂತು ನೋಡಿ. ಪಬ್‌ನಲ್ಲಿ ಐಪಿಎ ಮಾರಬೇಕು ಅಂದರೆ ಇರುವ ಲೈನ್‌ಗೆ, ಅಂದರೆ ಟ್ಯಾಪ್‌ಗೆ ಹೋಗುವ ಕೊಳವೆಗೆ, ಕೆಗ್ ಸಿಕ್ಕಿಸಿದರೆ ಆಯ್ತು. ಸ್ಟೌಟ್‌ಗೆ ಹಾಗಲ್ಲ. ಬೇರೆ ಗ್ಯಾಸ್, ಬೇರೆ ಒತ್ತಡ, ಬೇರೆ ಟ್ಯಾಪ್. ಆ ಲೈನ್ ಪ್ರತಿ ಪಬ್‌ನಲ್ಲೂ ಇರುತ್ತೆ, ಆದರೆ ಅದರಲ್ಲಿ ಆಗಲೇ ಒಬ್ಬರು ಕೂತಿದ್ದಾರೆ. ದೊಡ್ಡ ಕಂಪನಿಯವರೇ ಲೈನ್ ಹಾಕಿಸಿ, ತೊಳೆಯುವುದಕ್ಕೂ ತಮ್ಮ ಜನರನ್ನೇ ಕಳಿಸುತ್ತಾರೆ. ಪಬ್ ಮಾಲೀಕರಿಗೆ ತಲೆನೋವಿಲ್ಲ. ಇಂಗ್ಲೆಂಡಿನ ಹಾಗೆ ಬ್ರೂವರಿಯೇ ಪಬ್‌ನ ಒಡೆಯ ಆಗಿರುವ ಪದ್ಧತಿ ಐರ್ಲೆಂಡಿನಲ್ಲಿ ಅಷ್ಟಾಗಿ ಇಲ್ಲ. ಆದರೂ ಎರಡನೇ ಸ್ಟೌಟ್ ಟ್ಯಾಪ್‌ಗೆ ಜಾಗ ಕೊಡಿ ಅಂದರೆ ಮಾಲೀಕರು ಕೇಳುವುದು ಒಂದೇ: ‘ಯಾರು ಕುಡೀತಾರೆ?’

ಈ ಪ್ರಶ್ನೆಯ ಬಿಸಿ ನನಗೂ ತಟ್ಟಿದೆ. ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ಬ್ರೂಯರ್ ಆಗಿದ್ದಾಗ ಒಂದು ಮಳೆಗಾಲಕ್ಕೆ ಸಾದಾ ಸ್ಟೌಟ್ ಮಾಡಿದೆ. ಬಿಯರ್ ಚೆನ್ನಾಗೇ ಬಂತು. ಗ್ಯಾಸ್ ಸಿಲಿಂಡರ್ ತರಿಸಿದರು, ಆದರೆ ತೂತಿನ ಬಿಲ್ಲೆ ಇರುವ ಟ್ಯಾಪ್ ಬರಲೇ ಇಲ್ಲ. ಮಾಮೂಲಿ ಟ್ಯಾಪ್‌ನಲ್ಲಿ ಬಿಟ್ಟರೆ ಲೋಟದ ತುಂಬಾ ನೊರೆ. ಕೊನೆಗೆ ನೈಟ್ರೋಜನ್ ಬಿಟ್ಟು ಮಾಮೂಲಿ ಗ್ಯಾಸ್‌ನಲ್ಲೇ ಕೊಟ್ಟೆವು. ನನ್ನ ನಾಲಿಗೆಗೆ ಹುರಿದ ಬಾರ್ಲಿಯ ರುಚಿ ಇನ್ನೂ ಸ್ಪಷ್ಟವಾಗಿತ್ತು. ಕುಡಿದವರು ಮಾತ್ರ ಒಂದೇ ಮಾತು ಹೇಳಿದರು: ‘ಗಿನ್ನೆಸ್ ಥರ ಇಲ್ವಲ್ಲ ಸಾರ್.’ ಐರ್ಲೆಂಡಿನ ಸಣ್ಣ ಬ್ರೂಯರ್‌ಗಳು ದಿನಾ ಕೇಳುವ ಮಾತು ಇದು. ಐಪಿಎ ಕೊಟ್ಟರೆ ಯಾರೂ ಹೋಲಿಸಲ್ಲ. ಸ್ಟೌಟ್ ಕೊಟ್ಟರೆ ಪಕ್ಕದಲ್ಲಿ ಕಾಣದ ಒಂದು ಲೋಟ ಯಾವಾಗಲೂ ಇರುತ್ತೆ.

ಕ್ಯಾನ್‌ನಲ್ಲಿ ಕೆನೆ ನೊರೆ ಬರಿಸಲು ಒಳಗೆ ಒಂದು ಪ್ಲಾಸ್ಟಿಕ್ ಉಂಡೆ ಬೇಕು. ವಿಜೆಟ್ ಅನ್ನುತ್ತಾರೆ. ಖಾಲಿ ಕ್ಯಾನ್ ಅಲ್ಲಾಡಿಸಿದರೆ ಕೇಳುವ ಟಿಣ್ ಟಿಣ್ ಸದ್ದು ಅದೇ. ಗಿನ್ನೆಸ್ ಇದನ್ನು ಮಾರುಕಟ್ಟೆಗೆ ತಂದದ್ದು 1988ರಲ್ಲಿ. ಕೆಲವೇ ಸಾವಿರ ಕ್ಯಾನ್ ತುಂಬುವ ಬ್ರೂವರಿಗೆ ವಿಜೆಟ್ ಕ್ಯಾನ್ ಗಿಟ್ಟುವುದಿಲ್ಲ. ಹಾಗಾಗಿ ಸಣ್ಣವರ ಸ್ಟೌಟ್ ಹೆಚ್ಚಾಗಿ ಮಾಮೂಲಿ ಗ್ಯಾಸ್‌ನಲ್ಲೇ ಬರುತ್ತದೆ. ಮೊದಲ ಗುಟುಕಿಗೆ ಸ್ವಲ್ಪ ಚುರುಕು ಅನಿಸುತ್ತೆ, ಬೇಜಾರಾಗಬೇಡಿ. ಹಳೇ ಕಾಲದ್ದೇ ಬೇಕು ಅಂತ ಕೇಳಿದ್ದೀರಿ. ಬಾಟಲಿಯಲ್ಲೇ ಹುದುಗಿ, ತಳದಲ್ಲಿ ಈಸ್ಟ್ ಕೂತಿರುವ ಸ್ಟೌಟ್ 1959ಕ್ಕಿಂತ ಹಿಂದಿನ ಸ್ಟೌಟ್‌ಗೆ ಹತ್ತಿರ. ನೈಟ್ರೋಜನ್‌ನದ್ದು ದೂರ.

ಇನ್ನು ದುಡ್ಡಿನ ಮಾತು. ಐರ್ಲೆಂಡಿನಲ್ಲಿ ಬಿಯರ್ ಮೇಲಿನ ಅಬಕಾರಿ ತೆರಿಗೆ ಆಲ್ಕೋಹಾಲ್ ಲೆಕ್ಕದಲ್ಲಿ ಬೀಳುತ್ತದೆ. 100 ಲೀಟರ್‌ಗೆ, ಪ್ರತಿ ಒಂದು ಶೇಕಡ ಆಲ್ಕೋಹಾಲ್‌ಗೆ, 22.55 ಯೂರೋ. 568 ಮಿಲಿಲೀಟರ್‌ನ ಒಂದು ಪೈಂಟ್, 4.2 ಶೇಕಡ ಅಂದರೆ ಸುಮಾರು 54 ಸೆಂಟ್. ಸಣ್ಣ ಬ್ರೂವರಿಗಳಿಗೆ ಇದರಲ್ಲಿ ಅರ್ಧ ವಾಪಸ್ ಸಿಗುತ್ತದೆ. 2005ರಲ್ಲಿ ಈ ರಿಯಾಯಿತಿ ಬಂದ ಮೇಲೆಯೇ ಬ್ರೂವರಿಗಳ ಸಂಖ್ಯೆ ಏರಲು ಶುರುವಾದದ್ದು. ಆದರೆ ಉಳಿಯುವುದು ಪೈಂಟ್‌ಗೆ 27 ಸೆಂಟ್. ದೊಡ್ಡವರು ಒಂದೇ ಜಾಗದಲ್ಲಿ ಅಗಾಧವಾಗಿ ಕುದಿಸುವುದರಿಂದ ಉಳಿಸುವ ದುಡ್ಡಿನ ಮುಂದೆ ಇದು ಏನೂ ಅಲ್ಲ. ಐಪಿಎಗೆ ಒಂದು ಯೂರೋ ಜಾಸ್ತಿ ಕೊಡುವವರು, ಸಾದಾ ಸ್ಟೌಟ್‌ಗೆ ಜಾಸ್ತಿ ಕೊಡಲು ಹಿಂದೆಮುಂದೆ ನೋಡುತ್ತಾರೆ. ಅದಕ್ಕೇ ಬ್ರೂಯರ್ ಅದಕ್ಕೆ ಚಾಕೊಲೇಟ್ ಹಾಕುತ್ತಾನೆ. ಆಗ ಅದು ಬೇರೆ ವಸ್ತು ಆಯ್ತಲ್ಲ, ಬೆಲೆಯೂ ಬೇರೆ ಇಡಬಹುದು. ನಿಮ್ಮ ತೆಂಗಿನಕಾಯಿ ಸ್ಟೌಟ್‌ನ ಗುಟ್ಟು ಇದು. ನೀವು ಕುಡಿದದ್ದು ಡೊನೆಗಾಲ್‌ನ ಕಿನ್ನೆಗರ್ ಬ್ರೂವರಿಯ ಯಾನರಾಡಿ ಇರಬೇಕು. ಹಾಗೆ ನೋಡಿದರೆ ಅದು ಪೋರ್ಟರ್, ಸ್ಟೌಟ್‌ನ ಹತ್ತಿರದ ನೆಂಟ, ಮತ್ತು ಕೆಟ್ಟದ್ದೇನಲ್ಲ.

ಸರಿ, ಈಗ ಹೆಸರುಗಳಿಗೆ ಬರೋಣ.

ಮೊದಲು ಹುಡುಕಬೇಕಾದ್ದು ಓಹಾರಾಸ್ ಐರಿಷ್ ಸ್ಟೌಟ್. ಮಾಡುವವರು ಕಾರ್ಲೋ ಬ್ರೂಯಿಂಗ್ ಕಂಪನಿ, 1996ರಲ್ಲಿ ಕಟ್ಟಿದ್ದು. ಈಗ ಕಾರ್ಲೋ ಕೌಂಟಿಯ ಬ್ಯಾಗ್ನಲ್ಸ್‌ಟೌನ್‌ನಲ್ಲಿದೆ. ಬ್ಯಾರೋ ನದಿ ಹರಿಯುವ, ಬಾರ್ಲಿ ಬೆಳೆಯುವ ಸೀಮೆ ಅದು. ಈ ಸ್ಟೌಟ್ 4.3 ಶೇಕಡ. 1999ರಲ್ಲಿ ಬಂತು, ಮರುವರ್ಷವೇ ಬ್ರೂಯಿಂಗ್ ಇಂಡಸ್ಟ್ರಿ ಇಂಟರ್‌ನ್ಯಾಷನಲ್ ಅವಾರ್ಡ್ಸ್‌ನಲ್ಲಿ ಚಿನ್ನ ಗೆದ್ದಿತು. ಗಿನ್ನೆಸ್‌ಗಿಂತ ಹುರಿದ ರುಚಿ ಜಾಸ್ತಿ, ಕಹಿಯೂ ಒಂದು ಗೆರೆ ಮುಂದೆ. ನನ್ನನ್ನು ಕೇಳಿದರೆ ‘ಸಾದಾ ಐರಿಷ್ ಸ್ಟೌಟ್’ ಅನ್ನುವುದಕ್ಕೆ ಅಳತೆಗೋಲು ಇದೇ. ಅವರದೇ ಲಿಯನ್ ಫೊಲಾಯಿನ್ ಅಂತ ಇನ್ನೊಂದು ಇದೆ, 6 ಶೇಕಡ. ಚಳಿಯ ರಾತ್ರಿಗೆ ಒಂದು ಸಾಕು. ಸಣ್ಣವರ ಸ್ಟೌಟ್‌ಗಳಲ್ಲಿ ಸುಲಭವಾಗಿ ಕೈಗೆ ಸಿಗುವುದೂ ಓಹಾರಾಸ್‌ದೇ. ಹೊರದೇಶಕ್ಕೂ ಹೋಗುತ್ತದೆ.

ಎರಡನೆಯದು ನಿಮ್ಮ ಮನೆ ಬಾಗಿಲಲ್ಲೇ ಇದೆ. ಟೆಂಪಲ್ ಬಾರ್ ಕಡೆ, ಪಾರ್ಲಿಮೆಂಟ್ ಸ್ಟ್ರೀಟ್‌ನ ಪೋರ್ಟರ್‌ಹೌಸ್. ಇದೂ 1996ರದ್ದೇ. ಡಬ್ಲಿನ್‌ನ ನಟ್ಟನಡುವೆ ಪಬ್ ತೆರೆದು, ಗಿನ್ನೆಸ್ ಇಡುವುದಿಲ್ಲ, ನಮ್ಮದೇ ಕಪ್ಪು ಬಿಯರ್ ಕುಡಿಯಿರಿ ಅಂದವರು ಇವರು. ಆ ಊರಿನಲ್ಲಿ ಇದು ಸಣ್ಣ ಧೈರ್ಯ ಅಲ್ಲ. ಮೈಸೂರಿನಲ್ಲಿ ಹೋಟೆಲ್ ಇಟ್ಟು ಮಸಾಲೆ ದೋಸೆ ಇಲ್ಲ ಅಂದ ಹಾಗೆ. ಟ್ಯಾಪ್ ತಮ್ಮದೇ ಆದ್ದರಿಂದ ಮೇಲೆ ಹೇಳಿದ ಯಾವ ತಾಪತ್ರಯವೂ ಅವರಿಗಿಲ್ಲ. ಪ್ಲೇನ್ ಪೋರ್ಟರ್ ಕೇಳಿ, ಹೆಸರು ಪೋರ್ಟರ್ ಆದರೂ ನಿಮಗೆ ಬೇಕಾದ ಸಾದಾ ಸ್ಟೌಟ್ ಅದೇ. ‘ಸ್ಟೌಟ್’ ಅನ್ನುವುದು ಹಿಂದೆ ಗಟ್ಟಿ ಪೋರ್ಟರ್‌ಗೆ ಇಟ್ಟ ಹೆಸರು. ಈಗ ಎರಡರ ನಡುವೆ ಗೆರೆ ಅಳಿಸಿಹೋಗಿದೆ. ಲೇಬಲ್ ಮೇಲೆ ಪೋರ್ಟರ್ ಅಂತ ಇದೆ ಅಂತ ಬಿಟ್ಟುಬಂದ ಬಾಟಲಿಗಳು ಎಷ್ಟೋ ಇರಬೇಕು, ಅಲ್ವಾ? ಅವರದೇ ರಾಸ್ಲರ್ಸ್ ಫೋರ್ ಎಕ್ಸ್ 5 ಶೇಕಡದ್ದು, ಕಹಿ ಜೋರು. 1900ರ ಆಸುಪಾಸಿನಲ್ಲಿ ವೆಸ್ಟ್ ಕಾರ್ಕ್‌ನ ಡೀಸೀಸ್ ಬ್ರೂವರಿ ಮಾಡುತ್ತಿದ್ದ ಸ್ಟೌಟ್‌ನ ಜಾಡು ಹಿಡಿದು ಮಾಡಿದ್ದು. ಹಳೇ ಕಾಲದ ರುಚಿ ಅಂತ ನಾನು ಯಾರಿಗಾದರೂ ಕೊಡುವುದಾದರೆ ಇದನ್ನೇ ಕೊಡುತ್ತೇನೆ.

ಆಮೇಲೆ ವಾಟರ್‌ಫರ್ಡ್ ಕೌಂಟಿಯ ಡಂಗಾರ್ವನ್, 2010ರಲ್ಲಿ ಶುರುವಾದದ್ದು. ಅವರ ಬ್ಲ್ಯಾಕ್ ರಾಕ್ 4.3 ಶೇಕಡ, ಬಾಟಲಿಯಲ್ಲೇ ಹುದುಗುವ ಜಾತಿ. ಉತ್ತರ ಐರ್ಲೆಂಡ್ ಕಡೆ ಹೋದರೆ ಡೌನ್ ಕೌಂಟಿಯ ವೈಟ್‌ವಾಟರ್‌ನವರ ಬೆಲ್‌ಫಾಸ್ಟ್ ಬ್ಲ್ಯಾಕ್ ಕೇಳಿ. ಕೆರಿಯ ಪಶ್ಚಿಮ ತುದಿಯಲ್ಲಿ, ಐರಿಷ್ ಭಾಷೆ ಮಾತಾಡುವ ಹಳ್ಳಿಗಾಡಿನಲ್ಲಿ, 2008ರಲ್ಲಿ ವೆಸ್ಟ್ ಕೆರಿ ಬ್ರೂವರಿ ಶುರುವಾಯಿತು. ಇದು ಟಿಗ್ ವ್ರಿಕ್ ಎಂಬ ಪಬ್‌ಗೆ ಅಂಟಿಕೊಂಡದ್ದು. ಅವರ ಕ್ಯಾರಿಗ್ ಡುವ್ 6 ಶೇಕಡದ ಪೋರ್ಟರ್. ಅಷ್ಟು ದೂರ ಬರೀ ಬಿಯರ್‌ಗೆ ಹೋಗಬೇಡಿ. ಅದೇ ಕಡೆಯ ಡಿಂಗಲ್ ಊರು ನೋಡಲು ಹೇಗೂ ಹೋಗುತ್ತೀರಿ, ಆಗ ನೆನಪಿಟ್ಟುಕೊಳ್ಳಿ. ಯಾವುದಕ್ಕೂ ಹೊರಡುವ ಮುಂಚೆ ಒಂದು ಫೋನ್ ಮಾಡುವುದು ಒಳ್ಳೇದು. ಇತ್ತೀಚಿನ ವರ್ಷಗಳಲ್ಲಿ ಕರೆಂಟು, ಮಾಲ್ಟ್ ಎಲ್ಲದರ ಬೆಲೆ ಏರಿ ಹಲವು ಸಣ್ಣ ಬ್ರೂವರಿಗಳು ಬಾಗಿಲು ಹಾಕಿವೆ.

ಕಾರ್ಕ್‌ನ ಮರ್ಫೀಸ್, ಬೀಮಿಷ್ ಬಗ್ಗೆ ಒಂದು ಮಾತು. ಗಿನ್ನೆಸ್ ಅಲ್ಲದ ಸ್ಟೌಟ್ ಕೇಳಿದರೆ ಬಾರ್‌ನವರು ಇವನ್ನು ತೋರಿಸುತ್ತಾರೆ. ಎರಡೂ ನಿಜವಾಗಿ ಹಳೆಯವು: ಬೀಮಿಷ್ 1792ರದ್ದು, ಮರ್ಫೀಸ್ 1856ರದ್ದು. ಎರಡೂ ರುಚಿಯಾಗಿವೆ, ಬೀಮಿಷ್ ಅಂತೂ ನನಗೆ ಇಷ್ಟ. ಆದರೆ ಸಣ್ಣ ಬ್ರೂವರಿ ಅಲ್ಲ. ಎರಡೂ ಈಗ ಹೈನೆಕನ್ ಕೈಯಲ್ಲಿವೆ. ಬೀಮಿಷ್‌ನ ಹಳೇ ಬ್ರೂವರಿ 2009ರಲ್ಲಿ ಮುಚ್ಚಿತು, ಈಗ ಮರ್ಫೀಸ್ ಬ್ರೂವರಿಯಲ್ಲೇ ಅದನ್ನೂ ಕುದಿಸುತ್ತಾರೆ. ಅದೇ ಊರಿನ ಫ್ರಾನ್ಸಿಸ್ಕನ್ ವೆಲ್ 1998ರಲ್ಲಿ ಸಣ್ಣದಾಗಿ ಶುರುವಾಗಿ, 2013ರಲ್ಲಿ ಮೋಲ್ಸನ್ ಕೂರ್ಸ್ ಎಂಬ ದೊಡ್ಡ ಕಂಪನಿಯ ಪಾಲಾಯಿತು. ಒಡೆಯ ಯಾರು ಅನ್ನುವುದು ನಿಮಗೆ ಮುಖ್ಯವಲ್ಲದಿದ್ದರೆ ಆರಾಮವಾಗಿ ಕುಡಿಯಿರಿ.

ಸಸ್ಯಾಹಾರ ಅಂದಿರಿ. ಇದು ನಿಜಕ್ಕೂ ಗಮನಿಸಬೇಕಾದ ವಿಷಯ. ಪೋರ್ಟರ್‌ಹೌಸ್‌ನಲ್ಲಿ ಆಯ್ಸ್ಟರ್ ಸ್ಟೌಟ್ ಅಂತ ಇದೆ. ಅದು ಹೆಸರಿಗೆ ಮಾತ್ರ ಅಲ್ಲ, ಕುದಿಸುವಾಗ ನಿಜವಾದ ಸಿಂಪಿ ಹಾಕುತ್ತಾರೆ. ಅದನ್ನು ಬಿಡಿ. ಎರಡನೆಯದು ಕಣ್ಣಿಗೆ ಕಾಣದ್ದು. ಬಿಯರ್ ತಿಳಿಯಾಗಲು ಮೀನಿನ ಗಾಳಿಚೀಲದಿಂದ ಮಾಡಿದ ಒಂದು ಪದಾರ್ಥವನ್ನು ಹಾಕುವ ಹಳೇ ಪದ್ಧತಿ ಇದೆ, ಐಸಿಂಗ್ಲಾಸ್ ಅನ್ನುತ್ತಾರೆ. ಗಿನ್ನೆಸ್ ಕೂಡ ಬಹಳ ಕಾಲ ಇದನ್ನೇ ಬಳಸುತ್ತಿತ್ತು. ಬಿಡುತ್ತೇವೆ ಅಂತ 2015ರಲ್ಲಿ ಹೇಳಿ, ಮುಂದಿನ ಕೆಲವು ವರ್ಷಗಳಲ್ಲಿ ಬಿಟ್ಟರು. ಇದು ತಳಕ್ಕೆ ಇಳಿದುಹೋಗುವ ಪದಾರ್ಥ, ಬಿಯರ್‌ನಲ್ಲಿ ಉಳಿಯುವುದು ತೀರಾ ಕಮ್ಮಿ. ಆದರೂ ನಿಮಗೆ ಬೇಡ ಅಂದರೆ ಲೇಬಲ್ ಮೇಲೆ ವೀಗನ್ ಗುರುತು ನೋಡಿ. ಮಿಲ್ಕ್ ಸ್ಟೌಟ್ ಅಂದರೆ ಹಾಲಿನ ಸಕ್ಕರೆ ಹಾಕಿದ್ದು. ಅದಕ್ಕೆ ನಿಮ್ಮ ಅಡ್ಡಿ ಇರಲಿಕ್ಕಿಲ್ಲ, ಆದರೆ ಅದು ಸಿಹಿ, ನೀವು ಕೇಳಿದ ಜಾತಿಯದ್ದಲ್ಲ.

ಎಲ್ಲಿ ಕೊಳ್ಳುವುದು? ಬರೀ ಬಿಯರ್‌ಗೆ ಗಮನ ಕೊಡುವ ಆಫ್-ಲೈಸೆನ್ಸ್ ಅಂಗಡಿ ಹುಡುಕಿ. ಅಲ್ಲಿಯ ಹುಡುಗರ ಹತ್ತಿರ ‘ಡ್ರೈ ಸ್ಟೌಟ್’ ಅಂತ, ಅಂದರೆ ಸಿಹಿ ಇಲ್ಲದ್ದು, ಕೇಳಿ. ಬರೀ ಸ್ಟೌಟ್ ಅಂದರೆ ಮತ್ತೆ ಚಾಕೊಲೇಟೇ ಕೈಗೆ ಬರುತ್ತೆ. ಸೋಮವಾರದಿಂದ ಶನಿವಾರ ಬೆಳಗ್ಗೆ 10.30ಕ್ಕೆ, ಭಾನುವಾರ ಮಧ್ಯಾಹ್ನ 12.30ಕ್ಕೆ ಮಾರಾಟ ಶುರು, ರಾತ್ರಿ 10ಕ್ಕೆ ಬಂದ್. ಇದು ನಿಮಗೆ ಗೊತ್ತಿರುತ್ತೆ ಬಿಡಿ. ಸೂಪರ್‌ಮಾರ್ಕೆಟ್‌ನಲ್ಲೂ ನೋಡಿ, ಅವರದೇ ಹೆಸರಿನ ಬಿಯರ್ ಹಿಂದೆ ಎಷ್ಟೋ ಸಲ ಸಣ್ಣ ಬ್ರೂವರಿ ಇರುತ್ತದೆ. ಲಿಡ್ಲ್‌ನ ಕ್ರಾಫ್ಟಿ ಬಿಯರ್‌ಗಳನ್ನು ಮಾಡಿಕೊಟ್ಟದ್ದು ಕಿಲ್ಡೇರ್ ಕೌಂಟಿಯ ರೈ ರಿವರ್. 2022ರ ಜನವರಿಯಿಂದ ಒಂದು ಗ್ರಾಂ ಆಲ್ಕೋಹಾಲ್‌ಗೆ 10 ಸೆಂಟ್‌ಗಿಂತ ಕಮ್ಮಿಗೆ ಮಾರುವ ಹಾಗಿಲ್ಲ. 500 ಮಿಲಿಲೀಟರ್‌ನ 4.3 ಶೇಕಡದ ಕ್ಯಾನ್ ಅಂದರೆ ಸುಮಾರು 1.70 ಯೂರೋ, ಅದಕ್ಕಿಂತ ಕೆಳಗೆ ಇಲ್ಲ. ದೊಡ್ಡವರು ತೀರಾ ಅಗ್ಗಕ್ಕೆ ಕೊಡುವುದು ನಿಂತಿದ್ದರಿಂದ ಕಪಾಟಿನಲ್ಲಿ ಬೆಲೆಯ ಅಂತರ ಕಮ್ಮಿಯಾಗಿದೆ.

ಬ್ರೂವರಿಗೇ ಹೋಗುವುದು ಇನ್ನೊಂದು ದಾರಿ. ಮೊದಲೆಲ್ಲ ಪಬ್ ಲೈಸೆನ್ಸ್ ಇಲ್ಲದೆ ಬ್ರೂವರಿ ನೋಡಲು ಬಂದವರಿಗೆ ಒಂದು ಲೋಟವನ್ನೂ ಮಾರುವ ಹಾಗಿರಲಿಲ್ಲ. 2018ರ ಕಾನೂನು ಟೂರ್ ಮಾಡಿದವರಿಗೆ ಮಾರಲು ಬಿಟ್ಟಿತು. ಕಾಲ ನೋಡಿ ಹೋಗಿ. ಎಷ್ಟೋ ಕಡೆ ಸ್ಟೌಟ್ ಕುದಿಸುವುದು ಚಳಿಗಾಲಕ್ಕೆ ಮಾತ್ರ. ಜುಲೈನಲ್ಲಿ ಹುಡುಕಿ ಸಿಗಲಿಲ್ಲ ಅಂದರೆ ಅಕ್ಟೋಬರ್ ಆದ ಮೇಲೆ ಇನ್ನೊಮ್ಮೆ ನೋಡಿ.

ಟ್ಯಾಪ್‌ನಲ್ಲೂ ಸ್ವಲ್ಪ ಗಾಳಿ ತಿರುಗುತ್ತಿದೆ ಅಂತ ನನಗೆ ಅನಿಸುತ್ತೆ. 2024ರ ಡಿಸೆಂಬರ್‌ನಲ್ಲಿ ಬ್ರಿಟನ್‌ನ ಪಬ್‌ಗಳಿಗೆ ಗಿನ್ನೆಸ್ ಸಾಲದೆ, ಪಡಿತರದ ಅಂಗಡಿಯ ಹಾಗೆ ಅಳೆದು ಕೊಡಬೇಕಾಯಿತು. ಬೇರೆ ಸ್ಟೌಟ್ ಯಾರು ಕುಡೀತಾರೆ ಅನ್ನುತ್ತಿದ್ದ ಮಾಲೀಕರೂ ಆಗ ಬೇರೆಯವರಿಗೆ ಫೋನ್ ಮಾಡಿದರು. ನಿಮ್ಮ ಪಬ್‌ನಲ್ಲೂ ಕೇಳುತ್ತಾ ಇರಿ. ಒಬ್ಬರು ಕೇಳಿದರೆ ಗೊಣಗುತ್ತಾರೆ, ಐದು ಜನ ಕೇಳಿದರೆ ಒಂದು ಕೆಗ್ ತರಿಸುತ್ತಾರೆ.

ಕೊಂಡು ತಂದದ್ದನ್ನು ಐಸ್‌ನಂತೆ ತಣ್ಣಗೆ ಕುಡಿಯಬೇಡಿ. ಫ್ರಿಜ್‌ನಿಂದ ತೆಗೆದು ಒಂದು ಕಾಲು ಗಂಟೆ ಹೊರಗಿಡಿ. 8ರಿಂದ 10 ಡಿಗ್ರಿ ಇದ್ದಾಗ ಹುರಿದ ಬಾರ್ಲಿ ಮಾತಾಡಲು ಶುರು ಮಾಡುತ್ತೆ. ಬಾಟಲಿ ತಳದಲ್ಲಿ ಕೆಸರಿನಂತೆ ಕೂತಿದ್ದರೆ ಅದು ಈಸ್ಟ್, ಕೆಟ್ಟಿಲ್ಲ. ನಿಧಾನವಾಗಿ ಬಗ್ಗಿಸಿ, ಕೊನೆಯ ಒಂದು ಬೆರಳಿನಷ್ಟು ಬಾಟಲಿಯಲ್ಲೇ ಬಿಡಿ.

ಭಾವನ ವಿಷಯ. ಭಾರತಕ್ಕೆ ಬರುವಾಗ ಸುಂಕ ಇಲ್ಲದೆ ಒಬ್ಬರು ತರಬಹುದಾದ್ದು ಎಲ್ಲ ಮದ್ಯ ಸೇರಿ 2 ಲೀಟರ್. ಬಿಯರ್ ಲೆಕ್ಕದಲ್ಲಿ 500 ಮಿಲಿಲೀಟರ್‌ನ ನಾಲ್ಕೇ ನಾಲ್ಕು. ವಿಸ್ಕಿ ಬಾಟಲಿಯೂ ಬೇಕು ಅಂದರೆ ಅದರಲ್ಲೇ ಕಳೆಯಬೇಕು. ಹಾಗಾಗಿ ಎರಡು ಓಹಾರಾಸ್, ಒಂದು ಲಿಯನ್ ಫೊಲಾಯಿನ್, ಸಿಕ್ಕರೆ ಒಂದು ರಾಸ್ಲರ್ಸ್ ತನ್ನಿ. ಈಸ್ಟ್ ಕೂತಿರುವ ಬಾಟಲಿ ಬೇಡ, ವಿಮಾನದಲ್ಲಿ ಕುಲುಕಾಡಿ ಎಲ್ಲ ಕಲಸಿಹೋಗುತ್ತೆ. ಗಾಜಾದರೆ ಸ್ವೆಟರ್‌ನಲ್ಲಿ ಸುತ್ತಿ ಸೂಟ್‌ಕೇಸ್‌ನ ನಡುವೆ ಇಡಿ, ಕೈಚೀಲದಲ್ಲಿ ಬೇಡ. ಮನೆಗೆ ಬಂದ ಮೇಲೆ ಒಂದು ದಿನ ನೆಟ್ಟಗೆ ನಿಲ್ಲಿಸಿ, ಆಮೇಲೆ ತೆರೆಯಿರಿ. ಲೋಟಕ್ಕೆ ಬಗ್ಗಿಸುವ ಮುಂಚೆಯೇ ಭಾವನಿಗೆ ಹೇಳಿಬಿಡಿ, ಕೆನೆ ನೊರೆ ಬರಲ್ಲ ಅಂತ. ಇಲ್ಲದಿದ್ದರೆ ಅವರೂ ಅದೇ ಮಾತು ಹೇಳುತ್ತಾರೆ.